ಗಾಣದ ಶಾಫ್ಟು ಮುರಿಯುವ ಮುನ್ನ

ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಆಲೆಮನೆಗಳಲ್ಲಿ ಗಾಣದ ಶಾಫ್ಟು ತುಂಡಾದಾಗ ಕೇಳುವ ಮಾತು ಒಂದೇ: ‘ನೆನ್ನೆಗಂಟ ಚೆನ್ನಾಗೇ ಇತ್ತಲ್ಲಪ್ಪ!’ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೇರಿದ ಮೇಲೆ ನನಗೆ ತಿಳಿಯಿತು, ಅದು ನಿನ್ನೆಯೂ ಚೆನ್ನಾಗಿರಲಿಲ್ಲ. ಕಣ್ಣಿಗೆ ಕಾಣದ ಬಿರುಕೊಂದು ಎಷ್ಟೋ ದಿನಗಳಿಂದ ಅಲ್ಲಿ ಬೆಳೆಯುತ್ತಿತ್ತು.

ಉಕ್ಕು ನೋಡಲು ಒಂದೇ ಗಟ್ಟಿ ತುಂಡು. ಅದನ್ನು ಕನ್ನಡಿಯಂತೆ ಉಜ್ಜಿ, ಆಸಿಡ್ ಸವರಿ, ಲ್ಯಾಬಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನನಗೆ ಕಂಡದ್ದು ಬದು ಹಾಕಿದ ಗದ್ದೆಬಯಲು! ಒಂದೊಂದು ಗದ್ದೆಯೂ ಒಂದು ಹರಳು. ಅಗಲ ಸುಮಾರು ಒಂದು ಮಿಲಿಮೀಟರಿನ 50ನೇ ಒಂದು ಭಾಗ. ಬೆಳ್ಳಗಿರುವುದು ಮೆದುವಾದ ಫೆರೈಟ್, ಕಪ್ಪಗಿರುವುದು ಗಡಸಾದ ಪರ್ಲೈಟ್.

ಹೊರೆ ಹೊತ್ತ ಶಾಫ್ಟು ತಿರುಗುವಾಗ ಅದರ ಮೇಲ್ಮೈ ಪ್ರತಿ ಸುತ್ತಿಗೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ಲಕ್ಷಾಂತರ ಸುತ್ತುಗಳಾದ ಮೇಲೆ ಮೆದು ಹರಳೊಂದರಲ್ಲಿ ಬಿರುಕು ಹುಟ್ಟುತ್ತದೆ. ಕಬ್ಬಿಣದ ಹರಳುಗಳಲ್ಲಿ ಹೀಗಾಗುವುದನ್ನು ಎವಿಂಗ್ ಮತ್ತು ಹಂಫ್ರಿ 1903ರಲ್ಲೇ ದಾಖಲಿಸಿದ್ದರು. ಈ ಎಳೆ ಬಿರುಕು ಹರಳಿನೊಳಗೆ ಸಲೀಸಾಗಿ ಓಡಿ, ಬದು ಸಿಕ್ಕೊಡನೆ ನಿಧಾನವಾಗುತ್ತದೆ. ಪಕ್ಕದ ಹರಳಿನ ಜೋಡಣೆ ಬೇರೆ ದಿಕ್ಕಿನದು ತಾನೇ? ಎದುರಿಗೆ ಪರ್ಲೈಟ್ ಬಂದರೆ ಕೆಲವೊಮ್ಮೆ ಅಲ್ಲೇ ನಿಂತುಬಿಡುತ್ತದೆ. ಆದರೆ ಹತ್ತಾರು ಹರಳು ದಾಟಿದ ಬಿರುಕಿಗೆ ಬದುಗಳ ಹಂಗಿಲ್ಲ.

ಹಂಗಾಮಿನ ನಡುವೆ ಹೊಸ ಶಾಫ್ಟಿಗೆ ಕಾಯಲು ಯಾರಿಗೆ ಪುರುಸೊತ್ತು? ಮುರಿದದ್ದಕ್ಕೇ ವೆಲ್ಡಿಂಗ್ ಮಾಡಿಸುತ್ತೇವೆ. ಆದರೆ ಆ ಕಾವಿಗೆ ಬೆಸುಗೆಯ ಪಕ್ಕದ ಹರಳುಗಳು ದೊಡ್ಡದಾಗುತ್ತವೆ. ಬೇಗ ತಣಿದರೆ ಉಕ್ಕು ಪೆಡಸಾಗುತ್ತದೆ. ಎರಡನೇ ಸಲ ಬೆಸುಗೆಯ ಮಗ್ಗುಲಲ್ಲೇ ಮುರಿಯುವುದಕ್ಕೆ ಇದೂ ಒಂದು ಕಾರಣ. ವೆಲ್ಡಿಂಗಿಗೆ ಮುಂಚೆ ಶಾಫ್ಟನ್ನು ಕಾಯಿಸಿ, ಆಮೇಲೆ ನಿಧಾನವಾಗಿ ಆರಲು ಬಿಟ್ಟು, ಉಬ್ಬುತಗ್ಗುಗಳನ್ನು ಗ್ರೈಂಡರ್‌ನಲ್ಲಿ ನಯ ಮಾಡಿದರೆ ಅಪಾಯ ಕಡಿಮೆ. ಹೊಸ ಶಾಫ್ಟು ಹಾಕುವುದು ಎಲ್ಲಕ್ಕಿಂತ ಒಳ್ಳೆಯದು.

ಶ್ರೀರಂಗಪಟ್ಟಣದಲ್ಲಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಹಾದುಹೋಗುವ ರೈಲುಗಳನ್ನು ನೋಡಿದ್ದೀರಲ್ಲ? ರೈಲಿನ ಅಚ್ಚುಗಳಲ್ಲಿ ಬಿರುಕಿದೆಯೇ ಎಂದು ಅಲ್ಟ್ರಾಸಾನಿಕ್ ಅಲೆ ಹಾಯಿಸಿ ಪರೀಕ್ಷಿಸುತ್ತಾರೆ. ಗಾಣಕ್ಕೆ ಅಷ್ಟೆಲ್ಲ ಬೇಡ. ಹಂಗಾಮಿಗೆ ಮುಂಚೆ ಶಾಫ್ಟಿನ ಜಿಡ್ಡು ತೆಗೆದು, ಬಿರುಕು ಪತ್ತೆಯ ಕೆಂಪು ಬಣ್ಣ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಪುಡಿಯ ಸ್ಪ್ರೇ ಹೊಡೆದರೆ ಸಾಕು; ಮೇಲ್ಮೈಯಲ್ಲಿ ಬಿರುಕಿದ್ದ ಕಡೆ ಕೆಂಪು ಗೆರೆ ಮೂಡುತ್ತದೆ. ಶಾಫ್ಟಿನ ದಪ್ಪ ಬದಲಾಗುವ ಮೂಲೆ, ಕೀಲಿಯ ಗಾಡಿಗಳನ್ನು ತಪ್ಪದೆ ನೋಡಬೇಕು.

ಕಬ್ಬು ಕೊಡುವವರ ಕೈ ಗಾಣಕ್ಕೆ ಒಂದೇ ಮೊಳ ದೂರ. ಆ ಕೆಂಪು ಗೆರೆ ಮೊದಲು ಕಾಣಬೇಕಾದದ್ದು ಅವರಿಗಾಗಿ.