ಕಾಲೇಜು ಇಮೇಲ್ ನಮ್ಮದಲ್ಲ!

ನನ್ನ ಫೋನಿನಲ್ಲಿ ಮೂರು ಇಮೇಲ್ ಖಾತೆಗಳಿವೆ. ಕಾಲೇಜು ಕೊಟ್ಟದ್ದೊಂದು, ಉದ್ಯೋಗದ ಅರ್ಜಿಗಳಿಗೊಂದು, ಶಾಪಿಂಗ್‌–ಕೂಪನ್‌ಗಳಿಗೊಂದು. ಮೂರಕ್ಕೂ ಒಂದೇ ಆ್ಯಪ್ ಸಾಕು. ಜಿಮೇಲ್‌ನಲ್ಲಿ ಮೇಲೆ ಬಲಗಡೆಯ ಪ್ರೊಫೈಲ್ ಚಿತ್ರ ಒತ್ತಿದರೆ ಇನ್ನೊಂದು ಖಾತೆ ಸೇರಿಸುವ ಆಯ್ಕೆ ಸಿಗುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖಾತೆಯ ನೋಟಿಫಿಕೇಷನ್ ಬೇರೆಬೇರೆ. ಕೂಪನ್ ಖಾತೆಯದ್ದನ್ನು ಆಫ್ ಮಾಡಿ, ಅರ್ಜಿ ಖಾತೆಯದ್ದನ್ನು ಆನ್ ಇಡಿ. ರಿಯಾಯಿತಿ ಮೇಲ್‌ಗಳ ರಾಶಿಯಲ್ಲಿ ಸಂದರ್ಶನದ ಕರೆ ಹೂತುಹೋಗುವುದಿಲ್ಲ. ಕಳುಹಿಸುವ ಮುನ್ನ ‘ಫ್ರಮ್’ ಜಾಗದಲ್ಲಿ ಯಾವ ವಿಳಾಸವಿದೆ ಎಂದು ನೋಡಿಕೊಳ್ಳಿ.

ಇನ್ನೊಂದು ಮಾತು ಫೈನಲ್ ಇಯರ್ ಗೆಳೆಯರಿಗೆ. ಕೋರ್ಸ್ ಮುಗಿದ ಮೇಲೆ ಕಾಲೇಜು ತಾನು ಕೊಟ್ಟ ಇಮೇಲ್ ಅನ್ನು ಮುಚ್ಚಬಹುದು. ಗಿಟ್‌ಹಬ್, ಲಿಂಕ್ಡ್‌ಇನ್‌ಗೆ ಅದೇ ವಿಳಾಸ ಕೊಟ್ಟಿದ್ದರೆ, ಪಾಸ್‌ವರ್ಡ್ ಮರೆತ ದಿನ ರೀಸೆಟ್ ಲಿಂಕ್ ಮುಚ್ಚಿದ ಬಾಗಿಲಿಗೆ ಹೋಗುತ್ತದೆ. ನಾಲ್ಕು ವರ್ಷದ ಪ್ರಾಜೆಕ್ಟ್‌ಗಳು ಒಳಗೆ, ನಾವು ಹೊರಗೆ! ಈಗಲೇ ಅಲ್ಲಿ ಸ್ವಂತ ವಿಳಾಸ ಸೇರಿಸಿ. ಕಾಲೇಜು ಡ್ರೈವ್‌ನ ಕಡತಗಳನ್ನೂ ಇಳಿಸಿಕೊಳ್ಳಿ. ಸ್ವಂತ ಗೂಗಲ್ ಖಾತೆಯಲ್ಲಿ 15 ಜಿಬಿ ಜಾಗ ಉಚಿತ.

ಹಾಗೆಂದು ಖಾತೆ ತೆರೆದು ಮರೆಯಬೇಡಿ. 2 ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ರೆಸ್ಯೂಮೆಯಲ್ಲಿರುವ ವಿಳಾಸವನ್ನು ದಿನಕ್ಕೊಮ್ಮೆಯಾದರೂ ತೆರೆದು ನೋಡಿ.