ಬಿಸ್ಕತ್ತಿನ ಡಬ್ಬದೊಳಗಿನ ಪ್ರಶ್ನೆಗಳು

ಆ ಡಬ್ಬ ಒಂದು ಕಾಲಕ್ಕೆ ಬಿಸ್ಕತ್ತಿನದು. ಮುಚ್ಚಳದ ಚಿತ್ರ ಮಾಸಿದೆ, ಒಂದು ಮೂಲೆಗೆ ತುಕ್ಕು ಹಿಡಿದಿದೆ. ಕರಾವಳಿಯ ಸಣ್ಣ ಊರೊಂದರ ಸಿ.ಎಸ್.ಐ. ದೇವಾಲಯದ ಹಿಂದೆ ಒಂದು ಹೆಂಚಿನ ಕೋಣೆ. ಭಾನುವಾರದ ಆರಾಧನೆ ಮುಗಿದ ಮೇಲೆ ಅಲ್ಲಿ ಹನ್ನೊಂದು ಮಕ್ಕಳು ಚಾಪೆಯ ಮೇಲೆ ಕುಳಿತಿದ್ದರು. ಎಲ್ಲರೂ ಒಂಬತ್ತನೆಯ, ಹತ್ತನೆಯ ಕ್ಲಾಸಿನವರು. ಬರುವ ಗರಿಗಳ ಭಾನುವಾರ ಅವರ ಕನ್ಫರ್ಮೇಶನ್. ಮೊದಲ ಅರ್ಧ ಗಂಟೆ ಅಯ್ಯನವರು ಪಾಠ ಒಪ್ಪಿಸಿಕೊಂಡು ಹೋದರು: ಹತ್ತು ಆಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ. ಆಮೇಲೆ ಟೀಚರ್ ಬಂದರು, ಡಬ್ಬವನ್ನು ನಡುವೆ ಇಟ್ಟರು.

ಟೀಚರ್ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಡಬ್ಬದ ನಿಯಮ ಅವರೇ ಮಾಡಿದ್ದು. ವಾರವಿಡೀ ಅದು ಸಂಡೇ ಸ್ಕೂಲಿನ ಕಪಾಟಿನ ಮೇಲಿರುತ್ತದೆ, ಯಾರು ಬೇಕಾದರೂ ಚೀಟಿ ಹಾಕಬಹುದು, ಹೆಸರು ಬರೆಯುವ ಹಾಗಿಲ್ಲ. "ಉತ್ತರ ಗೊತ್ತಿದ್ದವ ಕೈ ಎತ್ತುವುದು ಶಾಲೆಯಲ್ಲಿ. ಇಲ್ಲಿ ಗೊತ್ತಿಲ್ಲದವ ಚೀಟಿ ಹಾಕುವುದು" ಎಂದು ನನಗೆ ವಿವರಿಸಿದರು.

ಅವತ್ತು ತೆಗೆದ ಮೊದಲ ಚೀಟಿ: "ಪಕ್ಕದ ಮನೆಯವರ ಕೋಲಕ್ಕೆ ಹೋಗಿ ಊಟ ಮಾಡಿ ಬಂದೆ. ತಪ್ಪಾ?"

ನಾನು ಉಸಿರು ಬಿಗಿ ಹಿಡಿದೆ. ಕೋಲವೆಂದರೆ ದೈವಾರಾಧನೆ. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಈ ಪ್ರಶ್ನೆ ಹೊಸದಲ್ಲ, ಬಾಯಿಬಿಟ್ಟು ಕೇಳುವವರು ಮಾತ್ರ ಕಡಿಮೆ. ಟೀಚರ್ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೆಯ ಅಧ್ಯಾಯ, ಇನ್ನೊಂದಕ್ಕೆ 10ನೆಯದು. ವಿಗ್ರಹಕ್ಕೆ ಅರ್ಪಿಸಿದ ಊಟದ ಬಗ್ಗೆ ಪೌಲನಿಗೆ ಅಲ್ಲಿಯ ಸಭೆಯವರು ಕೇಳಿದ್ದೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ನಿನ್ನ ಸ್ವಾತಂತ್ರ್ಯ ಇನ್ನೊಬ್ಬನ ಮನಸ್ಸಾಕ್ಷಿಗೆ ಪೆಟ್ಟಾಗಬಾರದು ಎಂಬುದು ಒಂದು ಕಡೆ. ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣು ಎಂಬುದು ಇನ್ನೊಂದು ಕಡೆ. ಹಾಗೆಂದು ಅದೇ 10ನೆಯ ಅಧ್ಯಾಯದಲ್ಲಿ ವಿಗ್ರಹಾರಾಧನೆಯಿಂದ ದೂರ ಓಡು ಎಂಬ ಎಚ್ಚರಿಕೆಯೂ ಇದೆ. ಮಕ್ಕಳು ಇಪ್ಪತ್ತೈದು ನಿಮಿಷ ವಾದ ಮಾಡಿದರು. ಒಬ್ಬ ಹುಡುಗ ಎದ್ದು ನಿಂತೇ ಮಾತಾಡಿದ. ಪೌಲನ ಪತ್ರವನ್ನು ಹದಿನಾಲ್ಕರ ವಯಸ್ಸಿನವರು ಇಷ್ಟು ಹಸಿವಿನಿಂದ ಓದಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯ ಚೀಟಿ ಪುಟ್ಟ ಅಕ್ಷರದಲ್ಲಿತ್ತು: "ಅಜ್ಜನಿಗೋಸ್ಕರ ಎರಡು ತಿಂಗಳು ಪ್ರಾರ್ಥನೆ ಮಾಡಿದೆ. ತೀರಿಕೊಂಡರು. ನಾನು ಮಾಡಿದ್ದು ಸರಿಯಾಗಲಿಲ್ಲವಾ?" ಟೀಚರ್ 88ನೆಯ ಕೀರ್ತನೆ ತೆಗೆಸಿ ನಿಧಾನವಾಗಿ ಓದಿಸಿದರು. ಕೀರ್ತನೆಗಳ ಪುಸ್ತಕದಲ್ಲಿ ಗೋಳಾಟದ ಹಾಡುಗಳು ಬಹಳ ಇವೆ. ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಕಡೆ ಭರವಸೆಯತ್ತ ತಿರುಗುತ್ತವೆ. ಇದು ತಿರುಗುವುದಿಲ್ಲ. ಕೊನೆಯ ಮಾತಿನವರೆಗೂ ಕತ್ತಲೆಯೇ. "ಇಂಥದ್ದನ್ನೂ ಬೈಬಲಿನಲ್ಲಿ ಇಟ್ಟುಕೊಂಡಿದ್ದಾರೆ, ತೆಗೆದು ಹಾಕಲಿಲ್ಲ" ಎಂದಷ್ಟೇ ಹೇಳಿ ಟೀಚರ್ ಸುಮ್ಮನಾದರು. ಬಾಗಿಲ ಹತ್ತಿರ ಕುಳಿತಿದ್ದ ಹುಡುಗಿ ಆ ಪುಟಕ್ಕೆ ಒಂದು ಕಾಗದದ ಚೂರು ಇಟ್ಟುಕೊಂಡಳು.

ಮೂರನೆಯದು ಹೀಗಿತ್ತು: "ಕ್ಯಾಂಪಿನಲ್ಲಿ ಎಲ್ಲರೂ ಅಳುತ್ತಾರೆ. ನನಗೆ ಏನೂ ಆಗುವುದಿಲ್ಲ." ಟೀಚರ್ ಮದರ್ ತೆರೇಸಾ ಅವರ ಹೆಸರು ಎತ್ತಿದರು. 1997ರಲ್ಲಿ ತೀರಿಕೊಂಡ ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತಿಗೆ ಗೊತ್ತಾದ ಸಂಗತಿ, ಆ ತಾಯಿಗೆ ದಶಕಗಳ ಕಾಲ ದೇವರ ಸಾನ್ನಿಧ್ಯದ ಅನುಭವವೇ ಆಗುತ್ತಿರಲಿಲ್ಲ ಎಂಬುದು. ಆದರೂ ಅವರು ಪ್ರತಿ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೊರಡುತ್ತಿದ್ದರು. ಕ್ಯಾಂಪಿನ ಕಣ್ಣೀರಿನ ಬಗ್ಗೆ ನನಗೆ ಮೊದಲಿನಿಂದಲೂ ಸಂಶಯ. ಕೊನೆಯ ರಾತ್ರಿ ದೀಪ ಮಂಕು ಮಾಡಿ, ಕೀಬೋರ್ಡ್ ನುಡಿಸುತ್ತ, ಕೈ ಎತ್ತಿದವರನ್ನು ಎಣಿಸಿ, ಆ ಸಂಖ್ಯೆಯನ್ನು ವರದಿಗೆ ಹಾಕುವುದು ಮಗುವಿನ ಮನಸ್ಸಿಗೆ ಮಾಡುವ ಅನ್ಯಾಯ ಎಂದೇ ನಾನು ನಂಬಿದ್ದೇನೆ. ಅಳು ಬಾರದ ಮಗು ತನ್ನಲ್ಲೇ ಏನೋ ಕೊರತೆ ಇದೆ ಎಂದುಕೊಂಡು ಮನೆಗೆ ಮರಳುತ್ತದೆ.

ಪ್ರಶ್ನೆ ಕೇಳಿ ನಂಬಿಕೆ ಕಲಿಸುವ ಕ್ರಮ ಹಳೆಯದು. 1528ರಲ್ಲಿ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ಸುತ್ತಿದ ಮಾರ್ಟಿನ್ ಲೂಥರ್ ಜನರಿಗೆ ಹತ್ತು ಆಜ್ಞೆಗಳೂ ತಿಳಿಯದ್ದನ್ನು ಕಂಡು ದಂಗಾಗಿ, ಮರುವರ್ಷ ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದರು. ಅದನ್ನು ಮನೆಯ ಯಜಮಾನ ತನ್ನ ಮನೆಮಂದಿಗೆ ಕಲಿಸಬೇಕು ಎಂಬುದು ಅವರ ಆಸೆ. 1563ರ ಹೈಡೆಲ್‌ಬರ್ಗ್ ಪುಸ್ತಕದಲ್ಲಿ 129 ಪ್ರಶ್ನೆ, ಅವನ್ನು ವರ್ಷದ 52 ಭಾನುವಾರಗಳಿಗೆ ಹಂಚಿದ್ದಾರೆ. ನಮ್ಮ ದೇಶದಲ್ಲಿ ಭಾರತೀಯ ಲಿಪಿಯ ಅಚ್ಚಿನಲ್ಲಿ ಮೊದಲು ಹೊರಬಂದ ಪುಸ್ತಕವೂ ಇದೇ ಕುಲದ್ದು. 1578ರಲ್ಲಿ ಕೊಲ್ಲಂನಲ್ಲಿ ಅಚ್ಚಾದ ತಮಿಳಿನ 'ತಂಬಿರಾನ್ ವಣಕ್ಕಂ', ಬರೀ 16 ಪುಟ. ಮಂಗಳೂರಿನ ಕೊಂಕಣಿ ಕ್ರೈಸ್ತರು ಮಕ್ಕಳ ಧರ್ಮೋಪದೇಶದ ತರಗತಿಗೆ ಇಂದಿಗೂ ದೊತೊರ್ನ್ ಎನ್ನುತ್ತಾರೆ, ಪೋರ್ಚುಗೀಸರ ಮಾತು ಅಲ್ಲಿ ಉಳಿದುಕೊಂಡಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್‌ನವರ ಜೊತೆ ಜರ್ಮನ್ ನಾಡಿನ ಕನ್ಫರ್ಮೇಶನ್ ನಮ್ಮ ಸಭೆಗಳಿಗೆ ಬಂತು.

ಆ ಕನ್ಫರ್ಮೇಶನ್ ಹುಟ್ಟಿದ್ದು ಒಂದು ಜಗಳದಿಂದ. ಹೆಸ್ಸೆ ಪ್ರಾಂತ್ಯದಲ್ಲಿ ಅನಾಬಾಪ್ಟಿಸ್ಟರು, ಎಳೆಗೂಸಿಗೆ ದೀಕ್ಷಾಸ್ನಾನ ಕೊಡುವುದರಲ್ಲಿ ಏನರ್ಥ, ನಂಬಿಕೆ ಅವರವರೇ ಒಪ್ಪಿಕೊಳ್ಳಬೇಕಾದ್ದು ಎಂದು ಪಟ್ಟು ಹಿಡಿದಿದ್ದರು. ಸುಧಾರಕ ಮಾರ್ಟಿನ್ ಬುಟ್ಸರ್ ಈ ಅನಾಬಾಪ್ಟಿಸ್ಟರ ಮಾತಿಗೆ ಕಿವಿಗೊಟ್ಟರು. ಕೂಸಿನ ದೀಕ್ಷಾಸ್ನಾನ ಇರಲಿ, ಆದರೆ ಬೆಳೆದ ಮೇಲೆ ಕಲಿತು ತನ್ನ ಬಾಯಿಂದಲೇ ಒಪ್ಪಲಿ ಎಂಬ ವ್ಯವಸ್ಥೆ 1539ರಲ್ಲಿ ತ್ಸೀಗನ್‌ಹೈನ್ ಎಂಬ ಊರಿನ ಸಭಾನಿಯಮದಲ್ಲಿ ಸೇರಿತು. ಎದುರಾಳಿಯ ಪ್ರಶ್ನೆಯಲ್ಲಿ ಸತ್ಯವಿದೆ ಎಂದು ಒಪ್ಪಿಕೊಂಡವರಿಂದ ನಮಗೆ ದೊರೆತ ಕ್ರಮ ಇದು. ಕನ್ಫರ್ಮೇಶನ್ ಎಂದರೆ ಬಿಳಿ ಬಟ್ಟೆ, ಫೋಟೊ, ಹಾಲ್ ತುಂಬ ಊಟ ಎಂದಾಗಿರುವ ಈ ಕಾಲದಲ್ಲಿ ಇದನ್ನು ನೆನೆದರೆ ನನಗೆ ನೋವಾಗುತ್ತದೆ. ಮರುವಾರ ಆ ಮಕ್ಕಳ ಬೆಂಚು ಖಾಲಿ ಇರುವುದನ್ನು ಎಷ್ಟು ವರ್ಷ ನೋಡಿಲ್ಲ?

ಈ ವಿಷಯ ಬಂದಾಗಲೆಲ್ಲ ನನ್ನ ಮನಸ್ಸು ಬರ್ಲಿನ್ನಿಗೆ ಓಡುತ್ತದೆ, 1931ರ ಚಳಿಗಾಲಕ್ಕೆ. ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್‌ಗೆ ಆಗ ಇಪ್ಪತ್ತೈದು ವರ್ಷ. ಹಿಟ್ಲರನನ್ನು ಎದುರಿಸಿ 1945ರ ಏಪ್ರಿಲ್ 9ರಂದು ಫ್ಲೊಸನ್‌ಬುರ್ಗ್‌ನಲ್ಲಿ ಗಲ್ಲಿಗೇರಿದ ಬಾನ್‌ಹೋಫರ್ ಎಲ್ಲರಿಗೂ ಗೊತ್ತು. ನನಗೆ ಪ್ರಿಯ, ಆ ಕನ್ಫರ್ಮೇಶನ್ ಕ್ಲಾಸಿನ ಬಾನ್‌ಹೋಫರ್. ಸಯೋನ್ ದೇವಾಲಯದ ಸುಮಾರು ಐವತ್ತು ಹುಡುಗರು, ಬಡ ಕಾರ್ಮಿಕರ ಮಕ್ಕಳು, ಯಾರ ಮಾತೂ ಕೇಳದವರು. ಮೊದಲ ದಿನ ಮೆಟ್ಟಿಲೇರಿ ಬರುತ್ತಿದ್ದ ಈ ಹೊಸ ಮೇಷ್ಟ್ರ ತಲೆಯ ಮೇಲೆ ಮೇಲಿನಿಂದ ಕಸ ಸುರಿದರು, ಹೆಸರಿನ ಮೊದಲ ಅಕ್ಷರಗಳನ್ನೇ ಹಿಡಿದು ಕೂಗಿದರು. ಅವರು ಗದರಲಿಲ್ಲ. ಗೋಡೆಗೆ ಒರಗಿ ನಿಂತು, ಕೆಳದನಿಯಲ್ಲಿ, ಎದುರಿಗಿದ್ದವರಿಗೆ ಮಾತ್ರ ಕೇಳುವಂತೆ ಕಥೆ ಹೇಳತೊಡಗಿದರು. ನ್ಯೂಯಾರ್ಕಿನ ಹಾರ್ಲೆಮ್ ಕಥೆ. ಹಿಂದಿನ ವರ್ಷ ಅಲ್ಲಿ ಓದಲು ಹೋದಾಗ ಕಪ್ಪು ಜನರ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಸಭೆಯಲ್ಲಿ ಅವರು ಸಂಡೇ ಸ್ಕೂಲ್ ನಡೆಸಿದ್ದರು. ಹಿಂದಿನವರಿಗೆ ಕೇಳಬೇಕೆಂದರೆ ಸುಮ್ಮನಾಗಲೇಬೇಕಾಯಿತು.

ಇಷ್ಟೇ ಆಗಿದ್ದರೆ ಜಾಣ ಮೇಷ್ಟ್ರ ಉಪಾಯ ಎಂದು ಬಿಟ್ಟುಬಿಡಬಹುದಿತ್ತು. ಪ್ರತಿಷ್ಠಿತ ಮನೆತನದ, ದೊಡ್ಡ ಮನೋವೈದ್ಯರ ಮಗನಾದ ಬಾನ್‌ಹೋಫರ್, 1932ರ ಆರಂಭದಲ್ಲಿ ಹುಡುಗರ ಬೀದಿಯ ಆಸುಪಾಸಿನಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು ಅಲ್ಲಿಯೇ ಇದ್ದುಬಿಟ್ಟರು. ಸಂಜೆ ಹುಡುಗರು ಬರುವುದು, ಚೆಸ್ ಆಡುವುದು, ಇದ್ದುದನ್ನು ಹಂಚಿಕೊಂಡು ಉಣ್ಣುವುದು. ಮನೆಮನೆಗೂ ಹೋದರು. ಮಾರ್ಚ್‌ನಲ್ಲಿ ಕನ್ಫರ್ಮೇಶನ್ ಬಂದಾಗ ನಿರುದ್ಯೋಗದ ದಿನಗಳು, ಮಕ್ಕಳಿಗೆ ಸೂಟು ಹೊಲಿಸುವ ಶಕ್ತಿ ಮನೆಗಳಿಗಿಲ್ಲ. ದೊಡ್ಡದೊಂದು ಥಾನು ಬಟ್ಟೆ ಕೊಂಡು ಹುಡುಗರಿಗೆ ಹಂಚಿದರು. ಆ ಥಾನಿನ ಬಗ್ಗೆ ಓದಿದ ದಿನದಿಂದ ಅದು ನನ್ನ ಕಣ್ಣೆದುರಿನಿಂದ ಹೋಗಿಲ್ಲ. ಯಾರು ಅಳತೆ ಹಿಡಿದರೋ, ಯಾರ ತಾಯಿ ಹೊಲಿದಳೋ ಎಂದು ಯೋಚಿಸುತ್ತಿರುತ್ತೇನೆ. ಈಸ್ಟರ್ ರಜೆಗೆ ಹಾರ್ಟ್ಸ್ ಬೆಟ್ಟದಲ್ಲಿದ್ದ ತಮ್ಮ ಮನೆಗೂ ಕೆಲವರನ್ನು ಕರೆದುಕೊಂಡು ಹೋದರು. ನಂಬಿಕೆಯಲ್ಲಿ ಬೆಳೆಯುವ ಮಗುವಿಗೆ ಮಾರ್ಗದರ್ಶನ ಎಂದು ನಾವು ಕರೆಯುವುದರಲ್ಲಿ ಪಾಠದ ಪಾಲು ಎಷ್ಟು, ಹತ್ತಿರ ಇರುವುದರ ಪಾಲು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಆ ಬಾಡಿಗೆ ಕೋಣೆಯನ್ನೇ ತೋರಿಸುವುದು.

ಬಾಯಿಪಾಠ ಬೇಡವೆಂದು ಹೇಳುತ್ತಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ನನ್ನಮ್ಮನಿಗೆ ನನ್ನ ಹೆಸರು ಮರೆತಿತ್ತು, ಚಿಕ್ಕಂದಿನಲ್ಲಿ ಕಲಿತ ಕೀರ್ತನೆ ಮರೆತಿರಲಿಲ್ಲ. ಆದರೆ ಪ್ರಶ್ನೆ ಯಾರ ಕೈಯಲ್ಲಿದೆ ಎಂಬುದು ಮುಖ್ಯ. ನಮ್ಮ ಪ್ರಶ್ನೋತ್ತರಗಳಲ್ಲಿ ಕೇಳುವವರು ಹಿರಿಯರು, ಹೇಳುವವರು ಮಕ್ಕಳು. ಬೈಬಲಿನಲ್ಲಿ ನೋಡಿದರೆ ಹಲವು ಕಡೆ ಅದು ತಿರುವುಮುರುವು. ಪಸ್ಕ ಹಬ್ಬದ ರಾತ್ರಿ ಇದೇನೆಂದು ಕೇಳುವವರು ಮಕ್ಕಳು. ಯೊರ್ದನಿನ ನಡುವಿನಿಂದ ಹನ್ನೆರಡು ಕಲ್ಲು ಎತ್ತಿಸಿ ತಂದದ್ದು ಮುಂದೆ ಮಕ್ಕಳು ನೋಡಿ ಕೇಳಲಿ ಎಂದೇ. ಹನ್ನೆರಡು ವರ್ಷದ ಯೇಸು ಮೂರು ದಿನ ಕಾಣೆಯಾಗಿ ದೇವಾಲಯದಲ್ಲಿ ಸಿಕ್ಕಾಗ, ಬೋಧಕರ ನಡುವೆ ಕುಳಿತು ಅವರ ಮಾತು ಕೇಳುತ್ತ ಪ್ರಶ್ನೆ ಹಾಕುತ್ತಿದ್ದ ಎಂದು ಲೂಕನು ಬರೆದಿದ್ದಾನೆ.

ನನ್ನದೂ ಒಂದು ಪ್ರಶ್ನೆ ಇತ್ತು. ನನಗೆ ಹದಿನೈದಾದಾಗ ಹುಟ್ಟಿದ ತಮ್ಮ ಎರಡೇ ದಿನ ಬದುಕಿದ, ದೀಕ್ಷಾಸ್ನಾನ ಆಗಿರಲಿಲ್ಲ. ಕನ್ಫರ್ಮೇಶನ್ ಕ್ಲಾಸಿನಲ್ಲಿ ಅವನು ಈಗ ಎಲ್ಲಿದ್ದಾನೆ ಎಂದು ಕೇಳಿದೆ. "ಅದು ಪುಸ್ತಕದಲ್ಲಿಲ್ಲ, ಕೂತುಕೋ" ಎಂದರು. ಕೂತೆ. ಆಮೇಲೆ ಬಹಳ ವರ್ಷ ಯಾರನ್ನೂ ಏನೂ ಕೇಳಲಿಲ್ಲ.

ಆ ಹೆಂಚಿನ ಕೋಣೆಗೆ ಒಟ್ಟು ಮೂರು ಭಾನುವಾರ ಹೋದೆ. ಮೂರನೆಯ ವಾರ ಯಾರೂ ಇಲ್ಲದಾಗ ಅದೇ ಪ್ರಶ್ನೆಯನ್ನು ಬರೆದು ಡಬ್ಬಕ್ಕೆ ಹಾಕಿದೆ. ಟೀಚರ್ ಚೀಟಿ ಬಿಡಿಸಿದರು. ಅಕ್ಷರ ಮಕ್ಕಳದಲ್ಲ ಎಂದು ಗೊತ್ತಾಗಿರಬೇಕು, ನನ್ನತ್ತ ಮಾತ್ರ ನೋಡಲಿಲ್ಲ. ಉಳಿದ ಚೀಟಿಗಳನ್ನು ಓದುವ ದನಿಯಲ್ಲೇ ಓದಿದರು.

ಯಾರೂ ಮಾತಾಡಲಿಲ್ಲ. ಆಮೇಲೆ ಬಾಗಿಲ ಹತ್ತಿರದ ಹುಡುಗಿ, ಅಜ್ಜನನ್ನು ಕಳೆದುಕೊಂಡವಳು ಇವಳೇ ಇರಬಹುದೆಂದು ನನ್ನ ಊಹೆ, "ದಾವೀದನ ಕೂಸು ಸತ್ತಾಗ, ನಾನೇ ಅದರ ಹತ್ತಿರ ಹೋಗ್ತೇನೆ ಅಂದ ಅಲ್ವಾ ಟೀಚರ್?" ಎಂದಳು. ಕೋಲದ ಊಟದ ಬಗ್ಗೆ ಎದ್ದು ನಿಂತು ವಾದಿಸಿದ್ದ ಹುಡುಗ ಈ ಸಲ ಕುಳಿತೇ ಹೇಳಿದ: "ಯೇಸು ಮಕ್ಕಳನ್ನು ಹತ್ತಿರ ಕರೆದಾಗ ಯಾರಿಗೆ ದೀಕ್ಷಾಸ್ನಾನ ಆಗಿದೆ ಅಂತ ಕೇಳಲಿಲ್ಲ."

"ಬೇರೆ ಯಾರಾದರೂ?" ಎಂದರು ಟೀಚರ್. ಯಾರೂ ಇರಲಿಲ್ಲ. ಓದಿ ಮುಗಿದ ಚೀಟಿಗಳ ರಾಶಿಗೆ ಅದನ್ನು ಸೇರಿಸದೆ, ಮಡಚಿ ತಮ್ಮ ಬೈಬಲಿನೊಳಗೆ ಇಟ್ಟುಕೊಂಡರು. ಮುಂದಿನ ಚೀಟಿ ಗಣಿತದ ಮಾರ್ಕಿಗಾಗಿ ಪ್ರಾರ್ಥಿಸಬಹುದೇ ಎಂಬುದರ ಬಗ್ಗೆ ಇತ್ತು.