ಕೊಳವೆ ಬಾವಿಯ ಕಲ್ಲುಪುಡಿ ಮೇಲೇರುವ ಬಗೆ

ನಮ್ಮ ಓಮಲೂರು ಸೀಮೆಯಲ್ಲಿ ಕೊಳವೆ ಬಾವಿ ಕೊರೆಯುವ ಯಂತ್ರವು ಬಂದಿತೆಂದರೆ ಮಕ್ಕಳೆಲ್ಲರೂ ಸುತ್ತ ನೆರೆಯುವರು. ಧೂಳು ಮುಗಿಲಿನಂತೆ ಏಳುವುದನ್ನು ಕಾಣದವರಿಲ್ಲ. ಆದರೆ ನೂರಾರು ಅಡಿಗಳ ಆಳದಲ್ಲಿ ಒಡೆದ ಕಲ್ಲು ಮೇಲೇರಿ ಬರುವುದೆಂತು?

ಒಕ್ಕಣೆಯ ಕಾಲದಲ್ಲಿ ರಾಗಿ ತೂರುವುದನ್ನು ನೆನೆಯಿರಿ. ಹೊಟ್ಟು ಗಾಳಿಗೆ ಹಾರುವುದು, ಕಾಳು ಬೀಳುವುದು. ಗಾಳಿ ಬಿರುಸಾದರೆ ಕಾಳೂ ಹಾರೀತು. ಇಲ್ಲಿಯೂ ತತ್ತ್ವವು ಅದೇ: ಕಲ್ಲಿನ ಚೂರು ಬೀಳುವ ವೇಗಕ್ಕಿಂತ ಪ್ರವಾಹವು ಮೇಲೇರುವ ವೇಗವು ಹೆಚ್ಚಾಗಿರಬೇಕು.

ನಮ್ಮ ನೆಲದಡಿಯಲ್ಲಿರುವುವು ನೈಸ್, ಚಾರ್ನೊಕೈಟ್ ಮೊದಲಾದ ಗಡಸು ಶಿಲೆಗಳು. ಆದುದರಿಂದ ಇಲ್ಲಿ ಒತ್ತಿದ ಗಾಳಿಯನ್ನು ಟೊಳ್ಳಾದ ಕೊರೆಗೊಳವೆಯ ಮೂಲಕ ಕೆಳಕ್ಕೆ ಬಿಡುವರು. ಆ ಗಾಳಿಯು ತಳದ ಸುತ್ತಿಗೆಯನ್ನು ಬಡಿಸಿ, ಬಳಿಕ ಕೊಳವೆಗೂ ಬಾವಿಯ ಗೋಡೆಗೂ ನಡುವಣ ಸಂದಿಯಲ್ಲಿ ಪುಡಿಯನ್ನು ಹೊತ್ತು ಮೇಲೇರುವುದು. ಸೆಕೆಂಡಿಗೆ ಸುಮಾರು 15 ಮೀಟರಿನ ವೇಗವು ಇದಕ್ಕೆ ಬೇಕಾಗುವುದು. ಗಾಳಿ ಸಾಲದಿದ್ದರೆ ಪುಡಿಯು ತಳದಲ್ಲಿ ಕೂಡಿ ಸುತ್ತಿಗೆಯನ್ನು ಕಚ್ಚಿ ಹಿಡಿಯುವುದು. ಸಾಲ ಮಾಡಿದ ರೈತನ ಹಣವು ನೆಲದಲ್ಲಿ ಹೂತುಹೋಗುವುದು. ಒಣ ಧೂಳಿನ ಬದಲು ಕೆಸರು ಚಿಮ್ಮಿತೆಂದರೆ ನೀರಿನ ಸೆಲೆ ಸಿಕ್ಕಿತೆಂದು ಆತನ ಮುಖವು ಅರಳುವುದು.

ನಮ್ಮ ಮೇಟೂರನ್ನು ದಾಟಿದ ಕಾವೇರಿಯು ಕಡಲು ಸೇರುವೆಡೆಯಲ್ಲಿ ನರಿಮಣಂ ಮೊದಲಾದ ಎಣ್ಣೆಯ ನೆಲೆಗಳಿವೆ. ಎಣ್ಣೆಬಾವಿಗಳು ಸಾವಿರಾರು ಅಡಿ ಆಳವಾದುವು. ಅಲ್ಲಿ ಗಾಳಿಯ ಬದಲು, ಬೆಂಟೊನೈಟ್ ಎಂಬ ಜೇಡಿಯನ್ನು ಬೆರೆಸಿದ ಕೆಸರನ್ನು ಸಾಮಾನ್ಯವಾಗಿ ಹರಿಯಿಸುವರು. ಕೆಸರು ಮಂದವಾದುದರಿಂದ ನಿಧಾನವಾಗಿ ಹರಿದರೂ ಚೂರುಗಳನ್ನು ಹೊರಬಲ್ಲುದು. ಅದರ ಮತ್ತೊಂದು ಗುಣವು ವಿಸ್ಮಯಕರವಾದುದು: ಪಂಪು ನಿಂತೊಡನೆ ಅದು ಗಂಜಿಯಂತೆ ಹೆಪ್ಪುಗಟ್ಟಿ ಚೂರುಗಳನ್ನು ಇದ್ದಲ್ಲಿಯೇ ತಡೆಹಿಡಿಯುವುದು, ಕಲಕಿದರೆ ಮರಳಿ ಹರಿಯುವುದು. ಮೇಲೆ ಬಂದ ಕೆಸರನ್ನು ಅದುರುವ ಜರಡಿಯಲ್ಲಿ ಸೋಸಿ ಪುನಃ ಬಳಸುವರು. ಅದರ ಭಾರವು ಬಾವಿಯ ಗೋಡೆ ಕುಸಿಯದಂತೆಯೂ ಕಾಯುವುದು.

ಬಾಲಕರೇ, ಎರಡು ಮಾತುಗಳನ್ನು ಮರೆಯದಿರಿ. ಆ ಕಲ್ಲಿನ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಸಿಲಿಕಾ ಇರುವುದು. ದೂರದಲ್ಲಿಯೇ ನಿಂತು ನೋಡಿರಿ. ಎರಡನೆಯದು ತಂದೆತಾಯಿಗಳಿಗೆ. 2019ರ ಅಕ್ಟೋಬರಿನಲ್ಲಿ ತಿರುಚಿರಾಪಳ್ಳಿ ಜಿಲ್ಲೆಯ ಮಣಪ್ಪಾರೈ ಸಮೀಪ ಬಳಕೆಯಿಲ್ಲದ ಕೊಳವೆ ಬಾವಿಗೆ ಎರಡು ವರ್ಷದ ಶಿಶುವೊಂದು ಬಿದ್ದಿತು. ಪಕ್ಕದಲ್ಲಿ ತೋಡಿದ ಗುಂಡಿಗೆ ಗಡಸು ಬಂಡೆಯೇ ಅಡ್ಡಿಯಾಯಿತು. ಹಲವು ದಿನ ಹೆಣಗಿದರೂ ಮಗುವು ಉಳಿಯಲಿಲ್ಲ. ಕಲ್ಲುಪುಡಿಯನ್ನು ಮೇಲೆತ್ತುವ ಗಾಳಿಯು ಮಗುವನ್ನು ಮೇಲೆತ್ತಲಾರದು. ನೀರು ಬಾರದ ಬಾವಿಯ ಬಾಯನ್ನು ಅಂದೇ ಭದ್ರವಾಗಿ ಮುಚ್ಚುವುದು ನಮ್ಮೆಲ್ಲರ ಕರ್ತವ್ಯ.